ತಾಳಮದ್ದಳೆಯ ಶ್ರೋತೃಗಳು ಮತ್ತು ಅರ್ಥನಿರ್ಣಯ

ಒಂದು ಕಲಾಕೃತಿಯ ಅರ್ಥವನ್ನು ನಿರ್ಣಯಿಸುವವರು ಯಾರು? ರಚಿಸಿದವನೇ, ಪ್ರಯೋಗಿಸುವವನೇ, ಅಥವಾ ಎದುರು ಕುಳಿತು ಕೇಳುವವನೇ? ನಮ್ಮ ಆಲಂಕಾರಿಕರು ಸಹೃದಯನಿಗೆ ಉನ್ನತವಾದ ಪೀಠವನ್ನು ಕೊಟ್ಟಿದ್ದಾರೆ. ಆದರೆ ಆ ಸಹೃದಯನು ವಸ್ತುತಃ ಹೇಗೆ ಕೇಳುತ್ತಾನೆ, ಎಲ್ಲಿ ಒಪ್ಪುತ್ತಾನೆ, ಎಲ್ಲಿ ಮುನಿಯುತ್ತಾನೆ ಎಂಬುದು ಪರಿಶೀಲಿಸಬೇಕಾದ ಬೇರೆಯೇ ವಿಷಯ. ಪುತ್ತೂರು, ಸುಳ್ಯ ಮತ್ತು ಈಚೆಗೆ ತಾಲೂಕಾಗಿ ರೂಪುಗೊಂಡ ಕಡಬ ಪ್ರದೇಶಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ತಾಳಮದ್ದಳೆಯು ಇದಕ್ಕೆ ಯೋಗ್ಯವಾದ ಕ್ಷೇತ್ರ.

ತಾಳಮದ್ದಳೆಯು ಯಕ್ಷಗಾನದ ಒಂದು ಪ್ರಭೇದ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ, ಎದುರುಬದುರು ಕುಳಿತ ಅರ್ಥಧಾರಿಗಳು ಅದಕ್ಕೆ ಪಾತ್ರೋಚಿತವಾಗಿ ಆಶುವಾಗಿ ಮಾತು ಕಟ್ಟುತ್ತಾರೆ. ನಾಲ್ಕು ಸಾಲಿನ ಪದ್ಯವು ಅರ್ಧ ಗಂಟೆಯ ಸಂವಾದವಾಗಿ ಬೆಳೆಯುವುದುಂಟು. ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ, ಮಳೆಗಾಲದಲ್ಲಿ ದೇವಸ್ಥಾನಗಳಲ್ಲಿಯೂ ಮನೆಯ ಚಾವಡಿಗಳಲ್ಲಿಯೂ ಕೂಟಗಳು ಹೆಚ್ಚಾಗಿ ನಡೆಯುತ್ತವೆ. ಸುಳ್ಯ ಸೀಮೆಯ ದೇರಾಜೆ ಸೀತಾರಾಮಯ್ಯ (1914–1984), ಶೇಣಿ ಗೋಪಾಲಕೃಷ್ಣ ಭಟ್ಟ (1918–2006), ಮಲ್ಪೆಯ ಸಾಮಗ ಸಹೋದರರು ಮೊದಲಾದವರಿಂದ ಈ ಕಲೆಯು ಇಪ್ಪತ್ತನೆಯ ಶತಮಾನದಲ್ಲಿ ಪ್ರೌಢಿಯನ್ನು ಪಡೆಯಿತು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ದೀರ್ಘಕಾಲ ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು, ‘ಯಕ್ಷಗಾನ ಬಯಲಾಟ’ ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವರು. ತಮ್ಮ ಪ್ರಯೋಗಗಳಲ್ಲಿ ಅವರು ಮಾತನ್ನೇ ಕೈಬಿಟ್ಟು, ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದು, ಸಂಗೀತ ನೃತ್ಯಗಳಿಂದಲೇ ರಸವನ್ನು ಸಾಧಿಸಲು ಯತ್ನಿಸಿದರು. ಅದೇ ಸೀಮೆಯ ಶ್ರೋತೃಗಳಾದರೋ ಮಾತೇ ಸರ್ವಸ್ವವಾದ ಕೂಟಕ್ಕಾಗಿ ರಾತ್ರಿಯೆಲ್ಲ ಎಚ್ಚತ್ತು ಕುಳಿತರು. ಮಾತಿಲ್ಲದ ಕಲೆಯಲ್ಲಿ ಅರ್ಥವು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಿದರೆ, ಮಾತಿನ ಕಲೆಯ ಸ್ವರೂಪ ಸ್ಪಷ್ಟವಾಗುತ್ತದೆ.

ಫ್ರೆಂಚ್ ಸಂಗೀತಕಾರ ಗೇಬ್ರಿಯೆಲ್ ಫೋರೆಯು 1890ರ ದಶಕದಲ್ಲಿ, ಒಂದೇ ಪಿಯಾನೋದ ಮುಂದೆ ಇಬ್ಬರು ಕುಳಿತು ನುಡಿಸಲೆಂದು, ‘ಡಾಲಿ’ ಎಂಬ ಆರು ಖಂಡಗಳ ಮಾಲಿಕೆಯನ್ನು ಪೂರೈಸಿದನು. ಡಾಲಿ ಎಂಬುದು ಅವನ ಪರಿಚಿತರ ಮನೆಯ ಪುಟ್ಟ ಬಾಲಿಕೆಯ ಮುದ್ದಿನ ಹೆಸರು. ಇದರ ಎರಡನೆಯ ಖಂಡದ ಶೀರ್ಷಿಕೆ ‘ಮಿ-ಆ-ಊ’. ಇದನ್ನು ಕಂಡವರು ಸಹಜವಾಗಿಯೇ ಬೆಕ್ಕಿನ ಕೂಗನ್ನು ಊಹಿಸಿದರು. ನಿಜವಾಗಿ ಅದು ಅಣ್ಣ ರಾವುಲನ ಹೆಸರನ್ನು ಆ ಮಗು ಉಚ್ಚರಿಸುತ್ತಿದ್ದ ತೊದಲುನುಡಿಯಿಂದ ಬಂದುದು. ‘ಕಿಟಿ’ ಎಂಬ ಹೆಸರಿನ ಖಂಡಕ್ಕೂ ಬೆಕ್ಕಿಗೂ ಸಂಬಂಧವಿಲ್ಲ. ಅದು ಮನೆಯ ನಾಯಿಯ ಹೆಸರಿನ ರೂಪಾಂತರ. ಇನ್ನು ಮೊದಲನೆಯ ಖಂಡವಾದ ಜೋಗುಳವನ್ನು ಬ್ರಿಟಿಷ್ ರೇಡಿಯೋ 1950ರಿಂದ 1982ರವರೆಗೆ ನಡೆಸಿದ ಮಕ್ಕಳ ಕಥಾಕಾರ್ಯಕ್ರಮದಲ್ಲಿ ಬಳಸಿಕೊಂಡಿತು. ಆ ಕಾರ್ಯಕ್ರಮವನ್ನು ಕೇಳಿ ಬೆಳೆದವರಿಗೆ ಅದು ಡಾಲಿಯ ಜೋಗುಳವಲ್ಲ, ತಮ್ಮದೇ ಬಾಲ್ಯದ ಧ್ವನಿ. ಸ್ವರಗಳು ಬದಲಾಗಲಿಲ್ಲ; ಕೇಳುವವರ ಬಾಳು ಅವಕ್ಕೆ ಹೊಸ ಅರ್ಥವನ್ನು ಕೂಡಿಸಿತು. ಬೆಕ್ಕನ್ನು ಊಹಿಸಿದ್ದು ತಪ್ಪು ತಿಳಿವಳಿಕೆ. ಬಾಲ್ಯವನ್ನು ಕಂಡದ್ದು ತಪ್ಪೆನ್ನಲಾಗದು. ಈ ಎರಡನ್ನು ಬೇರ್ಪಡಿಸುವುದೇ ವಿಮರ್ಶೆಯ ಕೆಲಸ.

ಈ ವಿವೇಕವನ್ನು ವಾಲಿವಧೆಯ ಪ್ರಸಂಗಕ್ಕೆ ಅನ್ವಯಿಸೋಣ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17ನೆಯ ಸರ್ಗದಲ್ಲಿ ವಾಲಿಯ ಆಕ್ಷೇಪವೂ 18ನೆಯದರಲ್ಲಿ ರಾಮನ ಉತ್ತರವೂ ಇವೆ. ತಮ್ಮನ ಹೆಂಡತಿಯನ್ನು ಅಪಹರಿಸಿದವನು ದಂಡನಾರ್ಹನೆಂದು ರಾಮನು ವಾದಿಸುತ್ತಾನೆ. ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ದೋಷವಲ್ಲವೆಂದೂ ಹೇಳುತ್ತಾನೆ. ಸಮರ್ಥನಾದ ಅರ್ಥಧಾರಿಗೆ ಇಲ್ಲೊಂದು ಬಿರುಕು ಕಾಣುತ್ತದೆ: ವಾಲಿಯು ಮೃಗವಾದರೆ ಅವನಿಗೆ ಮಾನವಧರ್ಮದ ಕಟ್ಟಳೆಯೆಲ್ಲಿ? ಧರ್ಮಕ್ಕೆ ಒಳಪಟ್ಟವನಾದರೆ ಬೇಟೆಯ ನ್ಯಾಯವೆಲ್ಲಿ? ಈ ಪ್ರಶ್ನೆ ಎದ್ದೊಡನೆ ಸಭೆಯು ವಾಲಿಯ ಕಡೆಗೆ ವಾಲುತ್ತದೆ. ರಾಮನನ್ನು ನಿತ್ಯವೂ ಪೂಜಿಸುವವರೇ ತಲೆದೂಗುತ್ತಾರೆ.

ಇದನ್ನು ಕೆಲವರು ಭಕ್ತಿಯ ಶೈಥಿಲ್ಯವೆಂದು ಬಗೆಯುತ್ತಾರೆ. ಆ ಅಭಿಪ್ರಾಯ ಸಾಧುವಲ್ಲ. ಶ್ರೋತೃವು ತಲೆದೂಗುವುದು ರಾಮನ ಸೋಲಿಗಲ್ಲ, ಪ್ರಶ್ನೆಯ ನ್ಯಾಯಕ್ಕೆ. ಕಥೆಯ ಗತಿಯನ್ನು ಬದಲಿಸಲು ಅರ್ಥಧಾರಿಗೆ ಅಧಿಕಾರವಿಲ್ಲವೆಂದು ಅವನಿಗೆ ಗೊತ್ತಿದೆ. ಭಾಗವತನು ಮುಂದಿನ ಪದ್ಯವನ್ನು ಎತ್ತಿಕೊಂಡನೆಂದರೆ ವಾಲಿಯು ರಾಮನಿಗೆ ಶರಣಾಗಲೇಬೇಕು. ಅಂತ್ಯವು ನಿಶ್ಚಿತವಾಗಿರುವುದರಿಂದಲೇ ಪ್ರಶ್ನೆಯನ್ನು ನಿರ್ಭಯವಾಗಿ ಕೇಳಲು ಎಡೆಯಿದೆ.

ಶ್ರೋತೃಗಳಲ್ಲಿಯೂ ತರತಮವುಂಟು. ಪದ್ಯದ ಮಾತನ್ನು ಮೀರಿದರೆ ಸಹಿಸದವರು ಕೆಲವರು. ವಾದದ ಚಮತ್ಕಾರವನ್ನೇ ಬಯಸುವವರು ಕೆಲವರು. ಭಾವಕ್ಕೆ ಕರಗುವವರು ಹಲವರು. ಈ ಮೂವರೂ ಒಮ್ಮತಕ್ಕೆ ಬರುವ ಸ್ಥಾನ ಒಂದೇ. ಅಷ್ಟು ಹೊತ್ತು ವಾದದಲ್ಲಿ ಗೆದ್ದ ವಾಲಿ ಯಾವ ಮಾತಿನಿಂದ ತನ್ನ ಅಭಿಮಾನವನ್ನು ಇಳಿಸಿ, ಅಂಗದನನ್ನು ಒಪ್ಪಿಸುತ್ತಾನೆ? ಆ ತಿರುವು ಒಳಗಿನಿಂದ ಬಂದರೆ ಸಭೆಯಲ್ಲಿ ಮೌನ ನೆಲಸುತ್ತದೆ. ಪದ್ಯ ಬಂದಿತೆಂಬ ಕಾರಣಕ್ಕೆ ಮಾತ್ರ ಶರಣಾದರೆ, ಹಿಂದೆ ದೊರೆತ ಚಪ್ಪಾಳೆಯೆಲ್ಲ ವ್ಯರ್ಥವಾಯಿತೆಂಬ ಮಾತು ಮರುದಿನ ಹೋಟೆಲಿನಲ್ಲಿ ಕೇಳಿಬರುತ್ತದೆ. ನನ್ನ ದೃಷ್ಟಿಯಲ್ಲಿ ಚಪ್ಪಾಳೆಗಿಂತ ಆ ಮೌನವೂ ಮರುದಿನದ ಮಾತೂ ಹೆಚ್ಚು ವಿಶ್ವಾಸಾರ್ಹವಾದ ಪ್ರಮಾಣಗಳು. ಚಪ್ಪಾಳೆಯು ಒಂದು ವಾಕ್ಯಕ್ಕೆ ಸಲ್ಲುತ್ತದೆ. ಮೌನವು ಇಡೀ ಪಾತ್ರಕ್ಕೆ.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ಕರ್ತವ್ಯವಿದೆ. ಪ್ರಸಂಗಗಳು ಅಚ್ಚಾಗಿವೆ, ಹಿರಿಯ ಅರ್ಥಧಾರಿಗಳ ಮಾತು ಧ್ವನಿಸುರುಳಿಗಳಲ್ಲಿ ಅಲ್ಪಸ್ವಲ್ಪ ಉಳಿದಿದೆ. ಆದರೆ ಚಾವಡಿಯ ಕಂಬಕ್ಕೊರಗಿ ಕೇಳಿ, ಬೆಳಗಿನ ಜಾವ ಚರ್ಚಿಸುತ್ತ ಮನೆಗೆ ನಡೆದವರ ಅಭಿಪ್ರಾಯಗಳು ಯಾವ ಸುರುಳಿಯಲ್ಲಿಯೂ ಇಲ್ಲ. ಅವರಲ್ಲಿ ಅನೇಕರು ಈಗ ವಯೋವೃದ್ಧರು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜಂದಿರಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಯಾವ ಕೂಟ, ಯಾವ ಪಾತ್ರ, ಯಾವ ಮಾತು ನೆನಪಿನಲ್ಲಿ ಉಳಿದಿದೆ, ಏಕೆ ಉಳಿದಿದೆ ಎಂದು ಕೇಳಿ ಬರೆದಿಟ್ಟರೆ ಸಾಕು. ಹೇಳಿದವರ ಚರಿತ್ರೆಯ ಜೊತೆಗೆ ಕೇಳಿದವರ ಚರಿತ್ರೆಯೂ ದೊರೆತಾಗಲೇ ಈ ಕಲೆಯ ಇತಿಹಾಸ ಪೂರ್ಣವಾದೀತು.