ಕಾಫಿ ಗಿಡಕ್ಕೆ ನೆರಳೇ ಕಾವಲು

ಕಾಫಿಗೆ ಒಳ್ಳೆಯ ಬೆಲೆ ಬಂದಾಗಲೆಲ್ಲ ತೋಟದ ನೆರಳುಮರಗಳಿಗೆ ಕೊಡಲಿ ಬೀಳುವುದನ್ನು ನಾವು ಕಾಣುತ್ತೇವೆ. ಬಿಸಿಲು ಹೆಚ್ಚಿದರೆ ಹೂ ಹೆಚ್ಚು, ಹೂ ಹೆಚ್ಚಿದರೆ ಫಸಲು ಹೆಚ್ಚು ಎಂಬುದು ಲೆಕ್ಕ. ಒಂದೆರಡು ವರ್ಷ ಈ ಲೆಕ್ಕ ನಿಜವೂ ಆಗಬಹುದು. ಆಮೇಲೆ ಗಿಡವೇ ಉಳಿಯದಿದ್ದರೆ ಲಾಭವೆಲ್ಲಿ?

ಕಾಫಿ ಮೂಲತಃ ಕಾಡಿನ ಗಿಡ. ಅರೇಬಿಕಾದ ತವರಾದ ಇಥಿಯೋಪಿಯದ ಮಲೆಗಾಡಿನಲ್ಲಿ ಅದು ಎತ್ತರದ ಮರಗಳ ಕೆಳಗೆ ಬೆಳೆಯುವ ಪೊದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿಯೂ ಕಾಫಿ ಮರದ ನೆರಳಿನಲ್ಲಿಯೇ ಬೆಳೆಯುತ್ತಿದೆ. ಒಡೆಯರಪಾಳ್ಯದ ಕಡೆ ಹೊಸದಾಗಿ ಗಿಡ ಇಡಬೇಕೆನ್ನುವವರು ಮೊದಲು ಅದನ್ನು ನೋಡಿ ಬರುವುದು ಒಳ್ಳೆಯದು. ಮಲೆನಾಡಿನಷ್ಟು ಮಳೆ ನಮ್ಮಲ್ಲಿಲ್ಲ. ಒಣಹವೆಯ ದಿನಗಳು ಹೆಚ್ಚು. ಆದ್ದರಿಂದ ನಮಗೆ ನೆರಳು ಇನ್ನೂ ಮುಖ್ಯ.

ನೆರಳು ತೆಳುವಾದ ತೋಟಕ್ಕೆ ಬರುವ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಇದರ ದುಂಬಿ ಏಪ್ರಿಲ್-ಮೇ ತಿಂಗಳಲ್ಲಿಯೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಹೊರಬಂದು, ಬಿಸಿಲಿಗೆ ಬಿದ್ದ ಅರೇಬಿಕಾ ಗಿಡಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದೊಳಗೆ ಕೊರೆದು ಸಾಗುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿಯಾಗಿ ಬಾಡಿದ ಎಲೆ ಇದರ ಗುರುತು. ಹುಳು ಒಳಹೊಕ್ಕ ಮೇಲೆ ಔಷಧಿ ಸಿಂಪಡಿಸಿ ಪ್ರಯೋಜನವಿಲ್ಲ.

ಆದಕಾರಣ ಬೆಳೆಗಾರರು ಈ ಕ್ರಮಗಳನ್ನು ಅನುಸರಿಸಬೇಕು:

1. ಕಾಫಿಗೆ ಮೊದಲೇ ನೆರಳನ್ನು ಸಿದ್ಧಪಡಿಸಿಕೊಳ್ಳಿ. ಬೇಗ ನೆರಳಾಗಲು ಹಾಲುವಾಣದ ಗೂಟ ನೆಡಬಹುದು. ಕಾಯಂ ನೆರಳಿಗೆ ಬಸರಿ, ಅತ್ತಿ, ಹಲಸು ಇರಲಿ. ಸಿಲ್ವರ್ ಮರವೊಂದನ್ನೇ ನೆಚ್ಚಬೇಡಿ.

2. ಎತ್ತರದ ಅರೇಬಿಕಾ ತಳಿಗಳಿಗೆ 6 ಅಡಿ ಅಂತರದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ. ಸಸಿ ನೆಟ್ಟ ಮೇಲೆ ಬುಡಕ್ಕೆ ತರಗೆಲೆ ಹೊದಿಸಿ.

3. ಮರಗಸಿಯನ್ನು ಮುಂಗಾರು ಹಿಡಿಯುವ ಹೊತ್ತಿಗೆ ಹಗುರವಾಗಿ ಮಾಡಿ. ಬೇಸಿಗೆಗೆ ಮುನ್ನ ಕೊಂಬೆ ಬೋಳಿಸಬೇಡಿ.

4. ದುಂಬಿ ಹಾರುವ ಮೊದಲು, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿ. ಹುಳು ಬಿದ್ದದ್ದನ್ನು ಬುಡಸಮೇತ ಕಿತ್ತು ಸುಟ್ಟುಬಿಡಿ. ಸೌದೆಗೆಂದು ಮನೆಯ ಹಿಂದೆ ಒಟ್ಟಿಟ್ಟರೆ ದುಂಬಿ ಅಲ್ಲಿಂದಲೇ ಹೊರಡುತ್ತದೆ.

5. ಒಳ್ಳೆಯ ಗಿಡಗಳ ಕಾಂಡದ ಒಣತೊಗಟೆಯನ್ನು ಗೋಣಿತಾಟಿನಿಂದ ಉಜ್ಜಿ ತೆಗೆಯಿರಿ. ಕತ್ತಿ ಬಳಸಬೇಡಿ.

ದುಂಬಿಗೆ ಬೇಲಿಯಿಲ್ಲ. ಒಬ್ಬರು ಉಳಿಸಿಕೊಂಡ ರೋಗದ ಗಿಡ ನೆರೆಯವರ ತೋಟವನ್ನೂ ಕೆಡಿಸುತ್ತದೆ. ಎರಡು ಎಕರೆಯ ಬೆಳೆಗಾರನಿಗೆ ಹತ್ತು ಗಿಡದ ನಷ್ಟವೂ ನಷ್ಟವೇ. ಅಕ್ಕಪಕ್ಕದವರು ಕೂಡಿ ಒಂದೇ ವಾರದಲ್ಲಿ ಈ ಕೆಲಸ ಮುಗಿಸಬೇಕೆಂದು ಕೋರುತ್ತೇವೆ.