ಮನೆ ಬದಲಿಸುವವರೂ ಸಾಲದ ದಲ್ಲಾಳಿಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ಇದ್ದ ಮನೆಯನ್ನು ಮಾರಿ ಇನ್ನೊಂದನ್ನು ಕೊಳ್ಳುವವನ ಪಾಡನ್ನು ಕುರಿತು ಏನನ್ನೂ ಹೇಳಲಿಲ್ಲ. ಅವರ ಪಾಲಿಗೆ ಮನೆಯೆಂಬುದು ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ವಸ್ತು. ಇಂದು ವರ್ಗಾವಣೆ, ಮಕ್ಕಳ ವಿದ್ಯಾಭ್ಯಾಸ, ಮುಪ್ಪಿನ ತಂದೆತಾಯಿಗಳ ಆರೈಕೆ ಇವುಗಳಲ್ಲಿ ಒಂದಲ್ಲ ಒಂದು ಕಾರಣದಿಂದ ಧಾರವಾಡದವರು ಬೆಂಗಳೂರಿಗೂ ಬೆಂಗಳೂರಿನವರು ಮೈಸೂರಿಗೂ ಮನೆ ಬದಲಿಸುತ್ತಾರೆ. ಹಳೆಯ ಸಾಲ ತೀರುವ ಮುನ್ನವೇ ಹೊಸ ಸಾಲ ಹುಟ್ಟುವ ಈ ಸಂಧಿಕಾಲದಲ್ಲಿ ಬಾಗಿಲು ತಟ್ಟುವವನು ಗೃಹಸಾಲದ ದಲ್ಲಾಳಿ. ಅವನನ್ನು ಒಳಗೆ ಕರೆಯಬೇಕೆ, ಹೊಸ್ತಿಲಲ್ಲೇ ಬೀಳ್ಕೊಡಬೇಕೆ?

ದಲ್ಲಾಳಿ ಎಂಬ ಮಾತು ನಮ್ಮ ಕಿವಿಗೆ ಹಿತವಲ್ಲ. ಆದರೆ ಅರಬ್ಬಿಯಿಂದ ಬಂದ ಈ ಪದದ ಮೂಲಧಾತುವಿಗೆ ‘ದಾರಿ ತೋರಿಸು’ ಎಂದು ಅರ್ಥ. ದಾರಿ ಅರಿಯದವನಿಗೆ ದಾರಿ ತೋರುವುದು ನಿಂದ್ಯವಾದ ಕಸುಬಲ್ಲ. ಆ ದಾರಿ ಯಾರ ಹಿತದ ಕಡೆಗೆ ಹೋಗುತ್ತದೆ ಎಂಬುದನ್ನು ಮಾತ್ರ ವಿಚಾರಿಸಬೇಕು.

ಇಂಗ್ಲೆಂಡಿನಲ್ಲಿ ಗೃಹಸಾಲದ ದಲ್ಲಾಳಿಗಳು 2004ರ ಅಕ್ಟೋಬರಿನಿಂದ ಸರ್ಕಾರಿ ನಿಯಂತ್ರಣಕ್ಕೆ ಒಳಪಟ್ಟಿದ್ದಾರೆ. ಆಸ್ಟ್ರೇಲಿಯದಲ್ಲಿ 2021ರ ಜನವರಿಯಿಂದ, ಸಾಲಗಾರನ ಹಿತಕ್ಕೆ ಅತ್ಯುತ್ತಮವಾದುದನ್ನೇ ಸೂಚಿಸಬೇಕೆಂಬುದು ಅವರ ಮೇಲಿನ ಕಾನೂನಿನ ಹೊಣೆ. ನಮ್ಮಲ್ಲಿ ಈ ಕೆಲಸ ಮಾಡುವವನು ಬಹುಮಟ್ಟಿಗೆ ಬ್ಯಾಂಕು ನೇಮಿಸಿಕೊಂಡ ಏಜೆಂಟು. ಅವನ ಕಮಿಷನ್ನು ಬ್ಯಾಂಕಿನಿಂದ ಬರುತ್ತದೆ, ಅದೂ ಮಂಜೂರಾಗಿ ಕೈಸೇರಿದ ಸಾಲದ ಮೊತ್ತವನ್ನು ಅನುಸರಿಸಿ. ಸಾಲ ಹಿಗ್ಗಿದಷ್ಟೂ ಅವನ ಆದಾಯ ಹಿಗ್ಗುತ್ತದೆ. ಇದು ಅವನ ದುಷ್ಟತನವಲ್ಲ, ಏರ್ಪಾಡಿನ ಸ್ವಭಾವ. ‘ನನಗೆ ನೀವೇನೂ ಕೊಡಬೇಕಾಗಿಲ್ಲ’ ಎಂದು ಅವನು ನುಡಿದಾಗ ಮಾತು ನಿಜವೇ. ಆದರೆ ಕೊಡುವವರು ಬೇರೊಬ್ಬರಿದ್ದಾರೆ ಎಂಬುದನ್ನು ನಾವು ಮರೆಯಬಾರದು.

ಇದರಲ್ಲಿರುವ ನಷ್ಟವನ್ನು ಲೆಕ್ಕ ಹಾಕಿ ನೋಡೋಣ. 40 ಲಕ್ಷ ರೂಪಾಯಿಗಳನ್ನು 20 ವರ್ಷಗಳ ಅವಧಿಗೆ ಶೇಕಡಾ 8.5ರ ಬಡ್ಡಿಯಲ್ಲಿ ಪಡೆದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಬಡ್ಡಿ ಶೇಕಡಾ 9 ಆದರೆ ಕಂತು ಸುಮಾರು 36,000. ಕಣ್ಣಿಗೆ ಅಲ್ಪವಾಗಿ ಕಾಣುವ ಈ ಅರ್ಧ ಶೇಕಡಾ ಇಪ್ಪತ್ತು ವರ್ಷಗಳಲ್ಲಿ ಮೂರು ಲಕ್ಷವನ್ನು ನುಂಗುತ್ತದೆ. ಎರಡು ಮೂರು ಬ್ಯಾಂಕುಗಳ ಮೆಟ್ಟಿಲನ್ನು ತಾನೇ ಹತ್ತಿ ದರವನ್ನು ವಿಚಾರಿಸುವ ಶ್ರಮಕ್ಕೆ ಇದಕ್ಕಿಂತ ಹೆಚ್ಚಿನ ಕೂಲಿ ಎಲ್ಲಿದೆ? ತಿಂಗಳ ಸಂಬಳ ಬರುವ, ಕಾಗದಪತ್ರಗಳು ಸ್ವಚ್ಛವಾಗಿರುವ ಉಪಾಧ್ಯಾಯನಿಗೋ ಗುಮಾಸ್ತನಿಗೋ ಮಧ್ಯವರ್ತಿಯ ಅಗತ್ಯ ಕಡಿಮೆ.

ಹಾಗೆಂದು ಎಲ್ಲರಿಗೂ ಒಂದೇ ಮಾತನ್ನು ಹೇಳಲಾಗದು. ವರಮಾನ ಏರಿಳಿಯುವ ಅಂಗಡಿಯವನಿಗೆ ಯಾವ ಬ್ಯಾಂಕು ಅವನ ಲೆಕ್ಕವನ್ನು ಒಪ್ಪೀತೆಂಬುದು ತಿಳಿಯದು. ಪರವೂರಿನಲ್ಲಿದ್ದು ಮನೆ ಕೊಳ್ಳುವವನಿಗೆ ಓಡಾಡಲು ಬಿಡುವಿಲ್ಲ. ಮಾರುವ ಮನೆಯ ಮೂಲಪತ್ರಗಳೇ ಹಳೆಯ ಬ್ಯಾಂಕಿನ ಕಪಾಟಿನಲ್ಲಿದ್ದರೆ, ಬಾಕಿಯ ಪತ್ರ, ಋಣಭಾರ ಪತ್ರ, ಖಾತೆ, ಕ್ರಯಪತ್ರ ಇವೆಲ್ಲವನ್ನೂ ಸಕಾಲದಲ್ಲಿ ಹೊಂದಿಸುವುದು ಅನುಭವಿಯ ಕೆಲಸ. ಇಂಥಲ್ಲಿ ಬಲ್ಲ ಮಧ್ಯವರ್ತಿ ನಿಜವಾಗಿಯೂ ದಾರಿ ತೋರುವವನಾಗುತ್ತಾನೆ.

ಅವನನ್ನು ಆಶ್ರಯಿಸುವವರು ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ನೀನು ಎಷ್ಟು ಬ್ಯಾಂಕುಗಳ ಪರವಾಗಿ ಬಂದಿರುವೆ? ನಿನಗೆ ಯಾರು, ಎಷ್ಟು ಕೊಡುತ್ತಾರೆ? ಸಾಲದ ಜೊತೆಗೆ ವಿಮೆಯನ್ನೂ ಏಕೆ ಸೇರಿಸಿರುವೆ? ಮನೆಯ ಪೂರ್ತಿ ಬೆಲೆಯನ್ನೂ ಸಾಲವಾಗಿ ಕೊಡಿಸುವೆನೆಂಬವನ ಮಾತನ್ನು ನಂಬಲಾಗದು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ಶೇಕಡಾ 90ನ್ನೂ, 75 ಲಕ್ಷದವರೆಗಿನದು ಶೇಕಡಾ 80ನ್ನೂ, ಅದಕ್ಕೂ ಮೇಲಿನದು ಶೇಕಡಾ 75ನ್ನೂ ಮೀರುವಂತಿಲ್ಲ. ಖಾಲಿ ಕಾಗದಕ್ಕೆ ರುಜು ಹಾಕುವ ಮಾತಂತೂ ಸಲ್ಲದು.

ಸಾಲಗಾರನ ಕೈಯಲ್ಲಿ ಈಗ ಕೆಲವು ಆಯುಧಗಳೂ ಇವೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಆದೇಶಿಸಿತು. ಮನೆ ಮಾರಿ ಹೊರಡುವವನಿಗೆ ಇದು ದೊಡ್ಡ ನೆರವು. ಸಾಲ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. 2024ರ ಅಕ್ಟೋಬರಿನಿಂದ, ಬಡ್ಡಿಯ ಜೊತೆಗೆ ಇತರ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ತಿಳಿಸುವ ಹೇಳಿಕೆಯೊಂದನ್ನು ಬ್ಯಾಂಕು ಮುಂಚಿತವಾಗಿಯೇ ಕೊಡಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದೂ ನಿಯಮವೇ. ಆ ಹೇಳಿಕೆಯನ್ನು ಕನ್ನಡದಲ್ಲಿ ಕೇಳಿ ಪಡೆಯಲು ನಮ್ಮ ಜನ ಸಂಕೋಚಪಡಬಾರದು. ತಿಳಿಯದ ನುಡಿಯ ಕಾಗದಕ್ಕೆ ಹಾಕಿದ ರುಜು ಕಣ್ಣು ಕಟ್ಟಿಕೊಂಡು ಇಟ್ಟ ಹೆಜ್ಜೆ.

ದಲ್ಲಾಳಿ ಬೇಕೆ ಬೇಡವೆ ಎಂಬುದು ಅವರವರ ಬಿಡುವನ್ನೂ ಸಂದರ್ಭವನ್ನೂ ಅವಲಂಬಿಸಿದೆ. ಓಡಾಟವನ್ನು ಅವನಿಗೆ ವಹಿಸಬಹುದು. ಓದುವುದನ್ನೂ ಲೆಕ್ಕ ಹಾಕುವುದನ್ನೂ ವಹಿಸಲಾಗದು. ಸಾಲ ಮಂಜೂರಾದ ದಿನ ಅವನ ಕೆಲಸ ಮುಗಿಯುತ್ತದೆ. ನಮ್ಮ ಕಂತು ಆರಂಭವಾಗುವುದು ಆಮೇಲೆ.