ಕೆಂಪೇರುವ ವಾಲ್ವ್, ಸೋರುವ ಕೆಪಾಸಿಟರ್

ರೇಡಿಯೊ ಮತ್ತು ಟೆಲಿವಿಷನ್‌ಗಳಿಂದ ಬಹುಕಾಲದ ಹಿಂದೆಯೇ ಮರೆಯಾದ ವಾಲ್ವ್, ಅಂದರೆ ಗಾಳಿಯನ್ನು ಹೊರತೆಗೆದ ಗಾಜಿನ ಕೊಳವೆ, ವಿದ್ಯುತ್ ಗಿಟಾರಿನ ಆಂಪ್ಲಿಫೈಯರುಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಅಮೆರಿಕದ ಫೆಂಡರ್ ಬ್ಯಾಸ್‌ಮನ್ ಮತ್ತು ಅದರ ವಿದ್ಯುನ್ಮಂಡಲವನ್ನೇ ಬಹುಮಟ್ಟಿಗೆ ಅನುಸರಿಸಿ 1962ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಮಾರ್ಷಲ್ ಜೆಟಿಎಂ 45 ಈ ಬಗೆಯ ಪ್ರಸಿದ್ಧ ಯಂತ್ರಗಳು. ಇವುಗಳಲ್ಲಿ ಬಿಡಿಭಾಗಗಳು ಕಡಿಮೆಯಾದ್ದರಿಂದ ಕೆಟ್ಟದ್ದು ಯಾವುದೆಂಬುದನ್ನು ತರ್ಕದಿಂದಲೇ ಬಹಳಷ್ಟು ಊಹಿಸಬಹುದು.

ಸ್ಪೀಕರಿಗೆ ಶಕ್ತಿ ಒದಗಿಸುವ ಔಟ್‌ಪುಟ್ ವಾಲ್ವಿನಲ್ಲಿ ಕಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. 400 ವೋಲ್ಟಿನ ಆಸುಪಾಸಿನಲ್ಲಿರುವ ಆನೋಡ್ ತಗಡು ಅವನ್ನು ಸೆಳೆಯುತ್ತದೆ. ನಡುವಿನ ಗ್ರಿಡ್ ಎಂಬ ತಂತಿಜಾಲರಿ, ಬಯಾಸ್ ಎಂದು ಕರೆಯುವ ಸುಮಾರು ಋಣ 40 ವೋಲ್ಟನ್ನು ಹೊತ್ತು, ಆ ಪ್ರವಾಹವನ್ನು ಕೆರೆಯ ತೂಬಿನಂತೆ ಹತೋಟಿಯಲ್ಲಿಡುತ್ತದೆ. ತಗಡು ಕೆಂಪಗೆ ಕಾದರೆ ಪ್ರವಾಹ ಮಿತಿಮೀರಿದೆ ಎಂದರ್ಥ; ಆಗ ತಡಮಾಡದೆ ಸ್ವಿಚ್ ಆರಿಸಬೇಕು. ಕಳಚಿ ಸಿಕ್ಕಿಸಲು ಬರುವ ಭಾಗ ಅದೊಂದೇ ಆದ್ದರಿಂದ ವಾಲ್ವನ್ನೇ ಬದಲಿಸುವುದು ರೂಢಿ, ಆದರೆ ದೋಷ ಬೇರೆಡೆ ಇದ್ದರೆ ದುಬಾರಿಯಾದ ಹೊಸ ವಾಲ್ವೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಜೋಡಿ ವಾಲ್ವುಗಳಲ್ಲಿ ಒಂದು ಮಾತ್ರ ಕೆಂಪೇರುತ್ತಿದ್ದರೆ ಎರಡನ್ನೂ ಅದಲುಬದಲು ಮಾಡಿ ಕ್ಷಣಕಾಲ ನೋಡಿದರೆ ಸಾಕು: ಕೆಂಪು ವಾಲ್ವಿನೊಂದಿಗೆ ಜಾಗ ಬದಲಿಸಿದರೆ ದೋಷ ವಾಲ್ವಿನದು, ಅದೇ ಸಾಕೆಟ್ಟಿನಲ್ಲಿ ಉಳಿದರೆ ಮಂಡಲದ್ದು. ಎರಡೂ ಕೆಂಪೇರಿದರೆ ಅವೆರಡಕ್ಕೂ ಸಾಮಾನ್ಯವಾದ ಬಯಾಸ್ ಪೂರೈಕೆಯನ್ನೇ ಮೊದಲು ಶಂಕಿಸಬೇಕಾಗುತ್ತದೆ.

ಮಂಡಲದ ದೋಷಗಳಲ್ಲಿ ಕುತೂಹಲಕರವಾದದ್ದು ಕಪ್ಲಿಂಗ್ ಕೆಪಾಸಿಟರಿನದು. ಹಿಂದಿನ ಹಂತದ ಸಂಕೇತವನ್ನು ಮಾತ್ರ ದಾಟಿಸಿ ಅಲ್ಲಿಯ ಧನ ವೋಲ್ಟೇಜನ್ನು ತಡೆಯುವುದು ಇದರ ಕೆಲಸ. ನಿರೋಧಕ ಪದರ ಹಳತಾಗಿ ಒಂದು ಮಿಲಿಆಂಪಿಯರಿನ ಹತ್ತನೇ ಒಂದು ಭಾಗದಷ್ಟು ಸೋರಿದರೂ, ಗ್ರಿಡ್ಡಿಗೆ ಜೋಡಿಸಿದ 2,20,000 ಓಮ್ ರೋಧಕದ ಮೇಲೆ 22 ವೋಲ್ಟ್ ಹುಟ್ಟಿ, ಋಣ 40 ಇರಬೇಕಾದಲ್ಲಿ ಋಣ 18 ಮಾತ್ರ ಉಳಿಯುತ್ತದೆ. ಹೆಚ್ಚಿನ ವೋಲ್ಟೇಜಿನಲ್ಲಷ್ಟೇ ಕಾಣಿಸಿಕೊಳ್ಳುವ ಇಂಥ ಸೋರಿಕೆ ಮಲ್ಟಿಮೀಟರಿನ ಸಾಧಾರಣ ಓಮ್ ಪರೀಕ್ಷೆಗೆ ಸಿಕ್ಕದಿರಬಹುದು. ಔಟ್‌ಪುಟ್ ವಾಲ್ವುಗಳನ್ನು ಕಳಚಿ, ಬಯಾಸ್ ಪೂರೈಕೆಯ ವೋಲ್ಟೇಜನ್ನೂ ಸಾಕೆಟ್ಟಿನ ಗ್ರಿಡ್ ಕಾಲಿನದನ್ನೂ ಅಳೆದು ಹೋಲಿಸುವುದೇ ವಾಸಿ.

ಆದರೆ ಈ ಅಳತೆ ಎಲ್ಲರ ಕೆಲಸವಲ್ಲ. ಪ್ಲಗ್ ಕಿತ್ತ ಬಳಿಕವೂ, ವಿದ್ಯುತ್ ಪೂರೈಕೆಯ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದಾದ್ದರಿಂದ, ಅದನ್ನು ರೋಧಕದ ಮೂಲಕ ಹರಿಯಬಿಟ್ಟು, ವೋಲ್ಟೇಜ್ ಇಳಿದದ್ದನ್ನು ಮೀಟರಿನಲ್ಲಿ ಖಚಿತಪಡಿಸಿಕೊಂಡ ತರುವಾಯವೇ ಬೆಸುಗೆಗೆ ಕೈಹಾಕಬೇಕು. ಇವೇ ಫಿಲ್ಟರ್ ಕೆಪಾಸಿಟರುಗಳು ಸೊರಗಿದಾಗ ಭಾರತದಲ್ಲಿ ಸಾಮಾನ್ಯವಾಗಿ 100 ಹರ್ಟ್ಸಿನ ಗುಂಯ್‌ಗುಡುವಿಕೆ ಕೇಳಿಸುತ್ತದೆ. 50 ಹರ್ಟ್ಸಿನದಾದರೆ ವಾಲ್ವನ್ನು ಕಾಯಿಸುವ ಹೀಟರ್ ತಂತಿಗಳ ಕಡೆ ನೋಡಬೇಕು.

ಸೋರುವ ಕಪ್ಲಿಂಗ್ ಕೆಪಾಸಿಟರನ್ನು ಬದಲಿಸಿದ ಮೇಲೆ ಬಯಾಸನ್ನು ಮತ್ತೆ ಹೊಂದಿಸುವುದು ಅಗತ್ಯ: ಆನೋಡಿನಲ್ಲಿ ಗರಿಷ್ಠ 25 ವ್ಯಾಟ್ ಶಾಖ ತಾಳುವ ಇಎಲ್ 34 ವಾಲ್ವನ್ನು ಅದರ ಶೇ. 70ರ ಮಟ್ಟದಲ್ಲಿ ನಿಲ್ಲಿಸಬೇಕಾದರೆ, 450 ವೋಲ್ಟಿನಲ್ಲಿ ಆನೋಡ್ ಪ್ರವಾಹ ಸುಮಾರು 39 ಮಿಲಿಆಂಪಿಯರ್ ಇರಬೇಕಾಗುತ್ತದೆ.